ಬಲ ಭುಜಕ್ಕೆ ಹೋದ ಸೆರಗು

೨೦೧೫ರಲ್ಲಿ ನಾನು ಡಲ್ಲಾಸ್ ಪಕ್ಕದ ರಿಚರ್ಡ್‌ಸನ್‌ನಲ್ಲಿ ಪೋರ್ಟ್ರೇಟ್ ಫೋಟೋಗ್ರಾಫರ್ ಆಗಿ ಕೆಲಸ ಮಾಡುತ್ತಿದ್ದೆ. ಮೈಸೂರಿನಲ್ಲಿ ಇತಿಹಾಸದ ಎಂ.ಎ. ಓದಿದವಳು ಟೆಕ್ಸಾಸ್‌ನಲ್ಲಿ ಕ್ಯಾಮೆರಾ ಹಿಡಿದದ್ದು ಬೇರೆಯೇ ಕಥೆ. ನೆನಪನ್ನು ಸಾಕ್ಷಿಯಿಲ್ಲದೆ ನಂಬಬಾರದೆಂಬ ಪಾಠ ಮಾತ್ರ ಆ ಓದಿನಿಂದ ಉಳಿದುಕೊಂಡಿತ್ತು. ಅದಕ್ಕೇ ಪ್ರತಿ ಶೂಟ್‌ನ ದಿನ ಡೈರಿ ಬರೆಯುತ್ತಿದ್ದೆ. ಈಗ ಹೇಳಹೊರಟ ದಿನದ ಪುಟದಲ್ಲಿ ಇರುವುದು ಇಷ್ಟೇ: 'ಹ್ಯೂಸ್ಟನ್. ಡಾ. ಸುಮಿತ್ರಾ. ಒಪ್ಪಿದರು.' ಹೇಗೆ ಒಪ್ಪಿದರು ಎಂಬುದನ್ನು ಬರೆದಿಲ್ಲ. ನಾಚಿಕೆಯಾಗಿತ್ತೋ, ಅದು ಆಗ ದೊಡ್ಡ ವಿಷಯ ಎನಿಸಿರಲಿಲ್ಲವೋ, ಹೇಳಲಾರೆ.

ಡಾ. ಸುಮಿತ್ರಾ ಧಾರವಾಡದ ಕಡೆಯವರು. ಹ್ಯೂಸ್ಟನ್‌ನ ಒಂದು ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಮಕ್ಕಳ ಡಾಕ್ಟರ್ ಆಗಿದ್ದು, ಆ ವರ್ಷ ನಿವೃತ್ತರಾಗುವವರಿದ್ದರು. ನಿವೃತ್ತರಾಗುವ ಹಿರಿಯ ವೈದ್ಯರ ಭಾವಚಿತ್ರವನ್ನು ಮಕ್ಕಳ ವಿಭಾಗದ ಕಾರಿಡಾರಿನಲ್ಲಿ ತೂಗುಹಾಕುವುದು ಆ ಆಸ್ಪತ್ರೆಯ ರೂಢಿ. ಆದರೆ ನಾಲ್ಕು ವರ್ಷದ ಹಿಂದೆ ಇವರಿಗೆ ಬೆಲ್ಸ್ ಪಾಲ್ಸಿ ಆಗಿತ್ತು. ಇದು ಮುಖದ ನರ ಸೋತುಹೋಗುವ ಕಾಯಿಲೆ. ಹೆಚ್ಚಿನವರಿಗೆ ವಾಸಿಯಾಗುತ್ತದೆ, ಇವರಿಗೆ ಪೂರ್ತಿ ಆಗಿರಲಿಲ್ಲ. ಮುಖದ ಒಂದು ಬದಿ ಜೋತಿತ್ತು. ನಕ್ಕರೆ ಬಾಯಿ ಇನ್ನೊಂದು ಬದಿಗೆ ಎಳೆಯುತ್ತಿತ್ತು.

ಅಂದಿನಿಂದ ಅಮ್ಮ ಯಾವ ಫೋಟೋದಲ್ಲೂ ಇಲ್ಲ ಎಂದು ಮಗಳು ಅನಿತಾ ನನಗೆ ಫೋನಿನಲ್ಲಿ ಹೇಳಿದ್ದಳು. ಮೊಮ್ಮಗಳ ನಾಮಕರಣದಲ್ಲೂ "ಎಲ್ಲಾರೂ ನಿಲ್ರಿ, ನಾ ತೆಗೀತೀನಿ" ಎಂದು ಫೋನ್ ಹಿಡಿದು ಎದುರಿಗೆ ಹೋಗಿಬಿಟ್ಟಿದ್ದರಂತೆ. ಕಾರಿಡಾರಿನಲ್ಲಿ ಹೆಸರಿನ ಫಲಕ ಸಾಕು, ಫೋಟೋ ಬೇಡ ಎಂದಿದ್ದರಂತೆ. ಅನಿತಾ ಆಸ್ಟಿನ್‌ನಲ್ಲಿದ್ದಳು. ಅವಳೇ ಹಟ ಹಿಡಿದು, ಅಮ್ಮನ ಜೊತೆ ಕನ್ನಡದಲ್ಲಿ ಮಾತಾಡುವವರು ಬೇಕೆಂದು ನನ್ನನ್ನು ಹುಡುಕಿದ್ದಳು. ತಾಯಿ ಒಂದು ಷರತ್ತು ಹಾಕಿ ಒಪ್ಪಿದ್ದರು. ತೆಗೆದದ್ದನ್ನು ಅಲ್ಲೇ ತೋರಿಸಬೇಕು, ಹಿಡಿಸದಿದ್ದರೆ ಫಲಕವೇ ಸರಿ.

ಅಲ್ಲೇ ತೋರಿಸುವುದು ನನ್ನ ದಿನನಿತ್ಯದ ವಿಧಾನವೇ ಆಗಿತ್ತು. ಇದಕ್ಕೆ ಟೆದರಿಂಗ್ ಎನ್ನುತ್ತೇವೆ. ಕ್ಯಾಮೆರಾದಿಂದ ಲ್ಯಾಪ್‌ಟಾಪ್‌ಗೆ ಹದಿನೈದು ಅಡಿಯ ಒಂದು ಕೇಬಲ್. ಯಾರೂ ಎಡವದಿರಲೆಂದು ಅದಕ್ಕೆ ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣ. ಕ್ಲಿಕ್ ಮಾಡಿದ ಎರಡು ಮೂರು ಸೆಕೆಂಡಿಗೆ ಚಿತ್ರ ದೊಡ್ಡದಾಗಿ ಪರದೆಯ ಮೇಲೆ ಬರುತ್ತದೆ. ಫೋಕಸ್, ಬೆಳಕಿನ ತಪ್ಪುಗಳು ಆಗಲೇ ಸಿಕ್ಕಿಬಿಡುತ್ತವೆ. ಸಾಮಾನ್ಯವಾಗಿ ಪರದೆಯನ್ನು ನನ್ನ ಕಡೆಗೆ ತಿರುಗಿಸಿಕೊಳ್ಳುತ್ತಿದ್ದೆ. ಅಂದು ಷರತ್ತಿನಂತೆ ಅವರ ಕಡೆಗೆ ಇಟ್ಟೆ.

ಆಸ್ಪತ್ರೆಯ ಮೀಟಿಂಗ್ ರೂಮಿನಲ್ಲಿ ಬೆಳಗಿನ ಹತ್ತಕ್ಕೆ ಶುರು ಮಾಡಿದೆವು. ಅವರು ಇಳಕಲ್ ಸೀರೆ ಉಟ್ಟು ಬಂದಿದ್ದರು.

"ಮೇಲೆ ಬಿಳೀ ಕೋಟ್ ಹಾಕ್ಕೋತೀರಾ ಆಂಟಿ?" ಎಂದೆ.

"ಮೂವತ್ತು ವರ್ಷ ಹಾಕ್ಕೊಂಡೀನ್ರಿ, ಸಾಕಾಗ್ಯದ. ಸೀರಿನ ಇರ್ಲಿ."

ಅನಿತಾ ಲ್ಯಾಪ್‌ಟಾಪ್ ಪಕ್ಕದಲ್ಲಿ ನಿಂತು ಪ್ರತಿ ಚಿತ್ರಕ್ಕೂ ಏನಾದರೊಂದು ಹೇಳುತ್ತಿದ್ದಳು. "ಅಮ್ಮಾ, ಚಿನ್ ಸ್ವಲ್ಪ ಡೌನ್. ನೋ, ಟೂ ಮಚ್."

"ನೀ ಸುಮ್ನ ಕೂಡವಾ. ಪೇಷಂಟ್ ಜೋಡಿ ಬಂದವ್ರ ಮಾತು ಯಾವತ್ತೂ ಜಾಸ್ತಿ."

ತಮಾಷೆ ಅಲ್ಲಿಗೇ ನಿಂತಿತು. ಪರದೆಯ ಮೇಲೆ ತಮ್ಮ ಮುಖ ಬಂದಂತೆಲ್ಲ ಅವರು ಬಿಗಿಯಾಗುತ್ತಾ ಹೋದರು. ಜೋತ ಬದಿಯನ್ನು ಮೇಲಕ್ಕೆತ್ತಲು ಹೆಣಗಿ, ಚೆನ್ನಾಗಿದ್ದ ಬದಿಯನ್ನೂ ಕೆಡಿಸಿಕೊಳ್ಳುತ್ತಿದ್ದರು. ನಾನೂ ಅನಿತಾಳೂ ಪರದೆಯನ್ನೇ ನೋಡುತ್ತಿದ್ದೆವು. ಕುರ್ಚಿಯಲ್ಲಿ ಕುಳಿತಿದ್ದ ಮನುಷ್ಯರನ್ನು ನೋಡುವವರು ಯಾರೂ ಇರಲಿಲ್ಲ ಎಂದು ಈಗ ಅನಿಸುತ್ತದೆ. ಆಗಲೇ ಅನಿಸಿತ್ತು ಎಂದು ಬರೆದರೆ ಸುಳ್ಳಾದೀತು.

ಸುಮಾರು ಅರವತ್ತನೇ ಚಿತ್ರದ ಹೊತ್ತಿಗೆ ಅನಿತಾಳ ಕಾಲಿಗೆ ಕೇಬಲ್ ಸಿಕ್ಕಿಕೊಂಡಿತು. ಅವಳು ತಡವರಿಸಿದ್ದು ಕಂಡು ತಾಯಿ ಮೈಮರೆತು ನಕ್ಕರು. ನಾನು ಕ್ಲಿಕ್ ಮಾಡಿದೆ. ನಮಗೆ ಬೇಕಾದ ಚಿತ್ರ ಅದೇ ಎಂದು ನನಗೆ ಗೊತ್ತಾಯಿತು. ಅವರು ಎದ್ದುಬಂದು ಬಹಳ ಹೊತ್ತು ನೋಡಿದರು.

"ಕಣ್ಣು ನನ್ನವ ಅವ. ಆದ್ರ ಮಾರಿ ನಂದಲ್ರಿ. ಯಾರೋ ನನ್ನ ಅಣಕಸ್ಲಿಕ್ಕೆ ಹತ್ತಿದಂಗ ಅದ. ಬ್ಯಾಡ ಬಿಡ್ರಿ, ಬೋರ್ಡ ಹಾಕ್ಲಿ."

ಅವರಿಗೆ ಹಾಗೆ ಅನಿಸಲು ಕಾರಣ ನನಗೆ ಗೊತ್ತಿತ್ತು. ನಮ್ಮ ಮುಖ ನಮಗೆ ಪರಿಚಯವಿರುವುದು ಕನ್ನಡಿಯಿಂದ, ಮತ್ತು ಕನ್ನಡಿ ಎಡಬಲ ತಿರುಗಿಸಿ ತೋರಿಸುತ್ತದೆ. ಕ್ಯಾಮೆರಾ ತೋರಿಸುವುದು ಎದುರಿನವರಿಗೆ ಕಾಣುವ ಮುಖ. ಹೆಚ್ಚಿನವರಿಗೆ ಈ ವ್ಯತ್ಯಾಸ ತಿಳಿಯುವುದೇ ಇಲ್ಲ. ಇವರು ನಾಲ್ಕು ವರ್ಷ ಕನ್ನಡಿಯಲ್ಲಿ ಕಷ್ಟಪಟ್ಟು ಒಪ್ಪಿಕೊಂಡಿದ್ದ ಸೊಟ್ಟು, ಪರದೆಯ ಮೇಲೆ ಇನ್ನೊಂದು ಕಡೆಗೆ ಹೋಗಿಬಿಟ್ಟಿತ್ತು.

ಇದನ್ನು ಅವರಿಗೆ ಬಿಡಿಸಿ ಹೇಳಬಹುದಿತ್ತು. ಹೇಳಲಿಲ್ಲ. ಸಾಫ್ಟ್‌ವೇರ್‌ನಲ್ಲಿ ಚಿತ್ರವನ್ನು ಎಡಬಲ ತಿರುಗಿಸುವ ಫ್ಲಿಪ್ ಒತ್ತಿದೆ.

"ಹಾಂ. ಈಗ ನಾನು ಬಂದೆ ನೋಡ್ರಿ," ಎಂದರು. "ಏನು ಮಾಡಿದ್ರಿ?"

"ಸ್ವಲ್ಪ ಅಡ್ಜಸ್ಟ್ ಮಾಡಿದೆ ಆಂಟಿ."

ಅನಿತಾಳ ಕಣ್ಣು ತುಂಬಿತ್ತು. ಆ ಕ್ಷಣ ನಾನು ಮಾಡಿದ್ದು ದಯೆಯಿಂದಲೋ, ಕೆಲಸ ಮುಗಿದರೆ ಸಾಕೆಂಬ ಅವಸರದಿಂದಲೋ ಎಂದು ಬಹಳ ಸಲ ಕೇಳಿಕೊಂಡಿದ್ದೇನೆ. ಎರಡೂ ಇದ್ದಿರಬೇಕು.

ಮಾರನೆಯ ದಿನ ಭಾನುವಾರ. ಡಲ್ಲಾಸ್ ಹತ್ತಿರದ ಯೂಲೆಸ್‌ನಲ್ಲಿ ಗೆಳತಿಯ ಗೃಹಪ್ರವೇಶವಿತ್ತು. ಬೆಳಿಗ್ಗೆ ಸೀರೆ ಉಡುತ್ತಾ, ಆಸ್ಟಿನ್‌ನ ಪ್ರಿಂಟ್ ಲ್ಯಾಬಿಗೆ ಕಳಿಸಬೇಕಿದ್ದ ಆ ಚಿತ್ರವನ್ನು ಲ್ಯಾಪ್‌ಟಾಪಿನಲ್ಲಿ ತೆರೆದಿಟ್ಟಿದ್ದೆ. ಸೆರಗನ್ನು ಎಡ ಭುಜಕ್ಕೆ ಪಿನ್ ಮಾಡಿ ತಲೆ ಎತ್ತಿದರೆ, ಡಾಕ್ಟರ ಸೆರಗು ಬಲ ಭುಜದ ಮೇಲಿತ್ತು.

ಚಿಕ್ಕಂದಿನಿಂದ ಸೀರೆ ನೋಡಿಕೊಂಡು ಬೆಳೆದವಳು ನಾನು. ಹಿಂದಿನ ದಿನ ಅಷ್ಟು ಹೊತ್ತು ಅದೇ ಚಿತ್ರ ನೋಡಿಯೂ ನನಗೆ ಮುಖವೊಂದೇ ಕಂಡಿತ್ತು. ಆಸ್ಪತ್ರೆಯವರಲ್ಲಿ ಯಾರೂ ಇದನ್ನು ಗುರುತಿಸುತ್ತಿರಲಿಲ್ಲ. ಹೆಸರು ಹೊಲಿದ ಕೋಟ್ ಇಲ್ಲದ್ದರಿಂದ ತಿರುವುಮುರುವಾಗಿ ಕಾಣುವ ಅಕ್ಷರವೂ ಎಲ್ಲೂ ಇರಲಿಲ್ಲ. ಆದರೆ ಚಿತ್ರ ತೂಗುಹಾಕುವ ಸಮಾರಂಭಕ್ಕೆ ಬರುವ ಹ್ಯೂಸ್ಟನ್ನಿನ ಆಂಟಿಯರು ಬಾಗಿಲಲ್ಲೇ ತಪ್ಪು ಹಿಡಿಯುತ್ತಿದ್ದರು, ಅದೂ ಡಾಕ್ಟರ ಎದುರಿಗೇ. ಗೃಹಪ್ರವೇಶಕ್ಕೆ ಹೋಗುವ ಮೊದಲು ಫೋನ್ ಮಾಡಿದೆ.

"ಆಂಟಿ, ಒಂದು ತಪ್ಪಾಗಿದೆ."

"ಯಾರದು? ನಿಮ್ದೋ, ಕ್ಯಾಮೆರಾದ್ದೋ?"

"ನನ್ನದು." ಎಲ್ಲವನ್ನೂ ಹೇಳಿದೆ. ಕನ್ನಡಿ, ಫ್ಲಿಪ್, ಸೆರಗು. ನಿನ್ನೆ ಅಡ್ಜಸ್ಟ್ ಎಂದದ್ದು ಸುಳ್ಳು ಎಂದೂ ಹೇಳಿದೆ.

"ಅಂದ್ರ ಬಲಕ್ಕ ಸೆರಗು ಹೊತ್ತು ನಿಂತೀನೇನು? ನಮ್ಮವ್ವ ನೋಡಿದ್ರ ಸ್ವರ್ಗದಿಂದ ಇಳದು ಬರ್ತಿದ್ಲು." ನಕ್ಕರು. ಆಮೇಲೆ ದನಿ ಬದಲಾಯಿತು. "ಈಗ ಏನು ಮಾಡೋದು?"

"ಸೆರಗನ್ನಷ್ಟೇ ಎಡಕ್ಕೆ ತರಬಹುದು. ಒಂದು ದಿನದ ಕೆಲಸ. ಮುಖ ನಿಮಗೆ ಹಿಡಿಸಿದ್ದೇ ಇರತ್ತೆ."

"ನನ್ನ ಪೇಷಂಟ್ಸ್ ದಿನಾ ನೋಡಿದ್ದು ಯಾವ ಮಾರಿ?"

"ನೀವು ಬೇಡ ಅಂದಿದ್ದು, ಆಂಟಿ."

ಯೋಚಿಸಿ ಹೇಳುತ್ತೇನೆ ಎಂದು ಫೋನ್ ಇಟ್ಟರು. ಫಲಕವೇ ಗತಿಯಾಯಿತು, ಅದಕ್ಕೆ ನಾನೇ ಕಾರಣ ಎಂದುಕೊಂಡು ಗೃಹಪ್ರವೇಶದ ಊಟಕ್ಕೆ ಕುಳಿತೆ. ಪಾಯಸ ಬಡಿಸುವಾಗ ಫೋನ್ ಬಂತು. ಎಂಜಲು ಕೈಯಲ್ಲೇ ಎದ್ದು ಹೊರಗೆ ಹೋದೆ.

"ನೋಡ್ರಿ, ಸಣ್ಣ ಹುಡುಗ್ರು ನನ್ನ ಮುಂದ ಕೂತು ನನ್ನಂಗ ಸೊಟ್ಟ ನಗ್ತಾವ. ನಗೋದಂದ್ರ ಹಿಂಗಽ ಅಂತ ತಿಳ್ಕೊಂಡಾವ. ಆ ಹುಡುಗ್ರು ದೊಡ್ಡವಾಗಿ ಬಂದ್ರ ಗುರ್ತು ಹಿಡೀಬೇಕಲ್ಲ. ಗ್ವಾಡಿ ಮ್ಯಾಲೆ ಮೊದ್ಲಿನ ಫೋಟೋನ ಹಾಕ್ರಿ. ಏನೂ ತಿದ್ದಬ್ಯಾಡ್ರಿ."

"ಸರಿ ಆಂಟಿ."

"ಇನ್ನ, ಆ ತಪ್ಪಿಂದು ಒಂದು ಸಣ್ಣದು ಮಾಡಿ ಮನಿಗೆ ಕಳಸ್ರಿ. ನನಗೂ ನನ್ನ ಗುರ್ತು ಇರ್ಲಿ."

ಎರಡು ಪ್ರಿಂಟ್‌ಗಳೂ ಆಸ್ಟಿನ್‌ನಲ್ಲಿ ಆದವು, ಅನಿತಾಳೇ ತೆಗೆದುಕೊಂಡು ಹೋದಳು. ಆಮೇಲಿನ ಶೂಟ್‌ಗಳಲ್ಲಿ ಪರದೆ ಯಾರ ಕಡೆಗಿದ್ದರೂ, ಕ್ಲಿಕ್ ಮಾಡಿದ ಮೇಲೆ ಮೊದಲು ಎದುರಿಗೆ ಕುಳಿತವರನ್ನು ನೋಡುತ್ತೇನೆ. ಫೋಟೋ ಯಾರು ನೋಡಲು ಎಂದು ಶುರುವಿನಲ್ಲೇ ಕೇಳುತ್ತೇನೆ. ಈ ಕೇಸ್ ನನಗೆ ಕಲಿಸಿದ್ದು ಅಷ್ಟು.

ಇದನ್ನು ಬರೆಯಲು ಕುಳಿತಾಗ ಅವರ ಮುಖದ ಎಡ ಬದಿ ಜೋತಿತ್ತು ಎಂದೇ ಬರೆದಿದ್ದೆ. ಖಚಿತವಾಗಿ ನೆನಪಿತ್ತು. ಆದರೂ ಅನುಮಾನ ಬಂದು ಆ ಸಾಲು ಹೊಡೆದುಹಾಕಿ, ಹಳೆಯ ಹಾರ್ಡ್ ಡಿಸ್ಕ್ ಹುಡುಕಿ ಫೈಲ್ ತೆರೆದೆ. ಮೊದಲು ಸೆರಗು ನೋಡಿದೆ. ಎಡ ಭುಜದ ಮೇಲಿತ್ತು, ಫ್ಲಿಪ್ ಮಾಡದ ಚಿತ್ರವೇ. ಆಮೇಲೆ ಮುಖ ನೋಡಿದೆ. ಜೋತಿದ್ದದ್ದು ಬಲ ಬದಿ.