ಎದೆನೋವು ಮುಚ್ಚಿಟ್ಟ ಹವಾಲ್ದಾರರು

ಬೆಳಿಗ್ಗೆ ಒಬ್ಬ ಅಜ್ಜ ನನ್ನ ಕೋಣೆಗೆ ಬಂದಾಗ ಬೂಟ್ ಪಾಲಿಷಿನ ವಾಸನೆಯೂ ಜೊತೆಗೇ ಬಂತು. ಅವರ ತೋಳಿಗೆ ಬಿಪಿ ಪಟ್ಟಿ ಸುತ್ತುತ್ತಿದ್ದ ನನ್ನ ಕೈ ನಿಂತಿತು. ದುದ್ದದ ಕಡೆಯಿಂದ ಬರುತ್ತಿದ್ದ ಹವಾಲ್ದಾರರು ನೆನಪಾದರು... ಸೈನ್ಯದಿಂದ ರಿಟೈರಾಗಿ ಎಷ್ಟೋ ವರ್ಷವಾಗಿದ್ದರೂ ಬಿಪಿ ಮಾತ್ರೆಗೆ ಬರುವಾಗ ಬೂಟಿಗೆ ಪಾಲಿಷ್ ಹಾಕಿಯೇ ಬರುತ್ತಿದ್ದರು.

ಮಂಡ್ಯದಲ್ಲಿ ಮಾಜಿ ಸೈನಿಕರಿಗಾಗಿ ಇರುವ ಈ ಸರ್ಕಾರಿ ಆಸ್ಪತ್ರೆಗೆ ನಾನು ಡಾಕ್ಟರಾಗಿ ಬಂದದ್ದು ಮೂರು ತಿಂಗಳ ಮಟ್ಟಿಗೆ. ಉಳಿದುಬಿಟ್ಟೆ. ಹಿಂದೆ ಇದ್ದ ನರ್ಸಿಂಗ್ ಹೋಮಿನಲ್ಲಿ ಒಬ್ಬರ ನಾಲಿಗೆ ನೋಡುವಷ್ಟರಲ್ಲಿ ಇನ್ನೊಬ್ಬರು ಬಾಗಿಲು ತಳ್ಳುತ್ತಿದ್ದರು. ಇಲ್ಲಿ ಅದೇ ಜನ ತಿಂಗಳು ತಿಂಗಳೂ ಬರುತ್ತಾರೆ, ಕೂತು ಮಾತಾಡುತ್ತಾರೆ. ಡಾಕ್ಟರಾದದ್ದು ಸಾರ್ಥಕ ಅನ್ನಿಸಿದ್ದು ಇಲ್ಲೇ. ಅದರಲ್ಲೂ ಹವಾಲ್ದಾರರು ಬಂದರೆ ನನಗೆ ಹಬ್ಬ. ಹಿಮದಲ್ಲಿ ಕಾವಲು ಕಾದ ಕಥೆಗಳನ್ನೆಲ್ಲ ಹೇಳುತ್ತಿದ್ದರು. ಹೇಗಿದ್ದೀರಿ ಎಂದರೆ ಮಾತ್ರ ಒಂದೇ ಉತ್ತರ, "ಫಿಟ್ಟಾಗಿವ್ನಿ ಕಣಮ್ಮ."

ಕೊನೆಯ ಸಲ ಬಂದಾಗ ಅವರ ಹಣೆ ಬೆವೆತಿತ್ತು. ಯಾಕೆಂದು ಕೇಳಿದೆ.

"ಬಸ್ಸಿಂದ ಇಳ್ದು ಬಿರ್ರನೆ ನಡ್ಕಂಡ್ ಬಂದೆ, ಅಷ್ಟೆಯಾ. ಏನೂ ಇಲ್ಲ ಬುಡಮ್ಮ."

ಬಿಟ್ಟೆ. ಇಸಿಜಿ ಮೆಷಿನ್ನು ಪಕ್ಕದ ಕೋಣೆಯಲ್ಲೇ ಇತ್ತು. ನಾನು ಕಥೆ ಕೇಳುತ್ತಾ ಕೂತೆ...

ಕೆಲವು ದಿನ ಕಳೆದು ಅವರ ಹೆಂಡತಿ ಒಬ್ಬರೇ ಬಂದರು. "ಓಗ್ಬುಟ್ರು ಕಣವ್ವ. ಕಡೇ ಸಲ ಇಲ್ಲಿಗೆ ಬರಕ್ ಮುಂಚಿಂದ್ಲೂವೆ ಎದೆ ಇಡ್ಕಂಡ್ ಕೂರೋರು. ಡಾಕ್ಟ್ರಮ್ಮಂಗೆ ಏಳ್ಬ್ಯಾಡ, ಅನ್‌ಫಿಟ್ ಅಂತ ಬರ್ದುಬುಡ್ತಾರೆ ಅಂದ್ರು."

ಸೈನ್ಯದಲ್ಲಿ ಡಾಕ್ಟರು ಹಾಗೆ ಒಂದು ಸಾಲು ಬರೆದರೆ ಜೊತೆಯವರನ್ನು ಬಿಟ್ಟು ಹಿಂದಕ್ಕೆ ಬರಬೇಕಿತ್ತಂತೆ. ಅದಕ್ಕೆ ಜ್ವರ ಬಂದರೂ ಹೇಳುತ್ತಿರಲಿಲ್ಲವಂತೆ. ಆ ಭಯ ನನ್ನ ಕೋಣೆಯವರೆಗೂ ಬಂದಿತ್ತು. ಅವರು ಹೆದರಿದ್ದು ನನಗೆ! ಅವರು ಬೆವೆತು ಬಂದ ದಿನ ಅವರ ಹೆಂಡತಿ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದರೇನೋ... ನನಗೆ ಹೊತ್ತು ಬೇಕಾದಷ್ಟಿತ್ತು, ಬುದ್ಧಿ ಇರಲಿಲ್ಲ.

ಇವತ್ತಿನ ಅಜ್ಜನೂ ಏನೂ ಇಲ್ಲ ಎಂದರು. ನಾನು ಹೊರಗಿದ್ದ ಅವರ ಹೆಂಡತಿಯನ್ನು ಒಳಗೆ ಕರೆದು ಕೇಳಿದೆ.

"ಅವ್ಳ್ನ ಯಾಕ್ ಕೇಳೀರಿ, ನಾನಿಲ್ವಾ?" ಎಂದು ಅಜ್ಜ ರೇಗಿದರು.

ರೇಗಲಿ ಬಿಡಿ. ರೇಗುವುದಕ್ಕೆ ಅವರಿದ್ದಾರಲ್ಲ...