ಅಂಗಡಿ ಬಸುಗೆ, ಲೆಕ್ಕ ನನಗಂತೆ

ಗೆಳೆಯರೇ, ಇವತ್ತು ಬೆಳಿಗ್ಗೆ ಗೋಕಾಕದ ಕಾಲೇಜಿನಲ್ಲಿ ಬಿ.ಎಸ್ಸಿ. ಫಿಸಿಕ್ಸ್‌ಗೆ ಹೆಸರು ಹಚ್ಚಲು ಹೊರಟಿದ್ದೆ. ಮೂಡಲಗಿಯಲ್ಲಿ ನಮ್ಮ ಮನೆತನದ ಕಿರಾಣಿ ಅಂಗಡಿ ನಡೆಸುವ ಕಾಕಾ ಬಾಗಿಲಲ್ಲೇ ತಡೆದರು.

“ಫಿಸಿಕ್ಸ್ ತಗೊಂಡ ಏನ್ ಮಾಡ್ತಿ? ಬಿ.ಕಾಂ. ಮಾಡವಾ. ಅಂಗಡಿ ಲೆಕ್ಕಾ ನೋಡಾಕ ಮನಿಯವರ ಒಬ್ಬರು ಬೇಕು.”

“ಆತ್ರಿ ಕಾಕಾ. ಅಂಗಡಿ ನನ್ನ ಹೆಸರಿಗೆ ಮಾಡ್ತೀರೇನ್ರಿ?”

ಕಾಕಾ ಅಡಿಕೆ ಅಗಿಯುವುದನ್ನು ನಿಲ್ಲಿಸಿದರು. “ಅದು ನಮ್ಮ ಬಸುಗ ಅಲ್ಲೇನವಾ? ಗಂಡಮಗಾ ಅವ.”

“ಹಂಗಾರ ಲೆಕ್ಕಾನೂ ಬಸುನ ಕಲೀಲಿ ಬಿಡ್ರಿ.”

ಬಸ್ಸು ಹತ್ತಿದೆ, ಫಿಸಿಕ್ಸ್‌ಗೇ ಹೆಸರು ಹಚ್ಚಿ ಬಂದೆ.

ಸಂಜೆ ಅಂಗಡಿಯ ಮುಂದೆ ಹಾದಾಗ ಕಾಕಾ, ಗಣಿತದಲ್ಲಿ ಫೇಲಾದ ತಮ್ಮ ಮಗ ಬಸುವನ್ನು ಗಲ್ಲಾದ ಮುಂದೆ ಕೂರಿಸಿ ಮಗ್ಗಿ ಹೇಳಿಸುತ್ತಿದ್ದರು. ಏಳೆಂಟಲೇ ಎಷ್ಟು ಎಂಬಲ್ಲಿ ಗಾಡಿ ನಿಂತಿತು. ಇಬ್ಬರೂ ನನ್ನ ಮುಖ ನೋಡಿದರು.

ನನಗೆ ಬರುತ್ತದೆ. ಹೇಳಲಿಲ್ಲ.