ಅಕ್ಕ ಕುಡಿಯದ ನೀರು

ಬೆಳಗ್ಗೆ ಸಾರಿನ ಒಗ್ಗರಣೆಗೆಂದು ಬಾಗಿಲ ಬಳಿಯ ಗಿಡದಿಂದ ಎರಡು ಎಸಳು ಕರಿಬೇವು ಕಿತ್ತೆ. ಬೆರಳಿಗೆ ಆ ಘಮ ಹತ್ತಿದ್ದೇ ತಡ, ಅಕ್ಕ ನೆನಪಾದಳು. ಹಳೇ ಪೇಂಟ್ ಡಬ್ಬದಲ್ಲಿರುವ ಈ ಗಿಡ ಅವಳದೇ.

ಒಡಹುಟ್ಟಿದವಳೇನಲ್ಲ. ಗದಗದ ಕಡೆಯವಳು, ಲಗ್ಗೆರೆಯ ನಮ್ಮ ವಠಾರದಲ್ಲೇ ಅವಳ ಬಾಡಿಗೆ ರೂಮು. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ನನ್ನ ಮುಂದಿನ ಮೆಷಿನ್ ಅವಳದು. ಅವಳು ಶರ್ಟಿಗೆ ತೋಳು ಕೂರಿಸಿ ಕೊಟ್ಟರೆ ನಾನು ಪಕ್ಕ ಹೊಲಿಯಬೇಕು. ಅವಳು ಎದ್ದು ಹೋದರೆ ನನ್ನ ಕೈ ಖಾಲಿ. ಕೈ ಖಾಲಿ ಇದ್ದವರಿಗೆ ಸೂಪರ್‌ವೈಸರ್ ಕಡೆಯಿಂದ ಮಂಗಳಾರತಿ.

ನನ್ನ ನಾಲಿಗೆ ಮೊದಲಿಂದಲೂ ಉದ್ದ. ಒಂದು ದಿನ ಎಲ್ಲರೆದುರು ಬೈಸಿಕೊಂಡ ಸಿಟ್ಟನ್ನು ಅವಳ ಮೇಲೆ ತೀರಿಸಿಕೊಂಡೆ. "ಏನಕ್ಕಾ, ಗಂಟೆಗೊಂದ್ಸಲ ಬಾತ್‌ರೂಮಾ? ನಿನ್ನಿಂದ ನಾನು ಬೈಸ್ಕೋಬೇಕಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು… ಮರುದಿನದಿಂದ ಅವಳು ಊಟದ ಬೆಲ್ ಹೊಡೆಯುವವರೆಗೂ ಮೆಷಿನ್ ಬಿಟ್ಟು ಏಳುತ್ತಿರಲಿಲ್ಲ. ನನಗೂ ಹಾಯೆನಿಸಿತ್ತು, ಸುಳ್ಳೇಕೆ ಹೇಳಲಿ.

ಸಂಜೆ ರೂಮಿಗೆ ಬಂದವಳೇ ನೀರಿನ ಬಾಟಲಿಯನ್ನು ಗಿಡಕ್ಕೆ ಬಗ್ಗಿಸುತ್ತಿದ್ದಳು. ತುಂಬಿದ ಬಾಟಲಿ, ತುಂಬಿದ ಹಾಗೇ ವಾಪಸ್ ಬಂದಿರುತ್ತಿತ್ತು. ಅದು ನನ್ನ ಕಣ್ಣಿಗೆ ಬೀಳಲು ಎಷ್ಟೋ ವಾರ ಹಿಡಿಯಿತು.

"ಯಾಕಕ್ಕಾ ಕುಡ್ದಿಲ್ಲ?"

"ಕುಡದ್ರ ಏಳಬೇಕಾಗ್ತದ. ನಾ ಎದ್ರ ನಿನಗ ಬೈತಾರ. ಇರ್ಲಿ ಬಿಡವ್ವಾ, ಗಿಡಾ ಆದ್ರೂ ಕುಡೀಲಿ" ಎಂದು ನಕ್ಕಳು. ನಾನೂ ನಕ್ಕೆ. ಆ ತಿಂಗಳು ಟಾರ್ಗೆಟ್ ಬೇರೆ ಏರಿಸಿದ್ದರು. ಬೇಡ ಅಕ್ಕಾ ಅನ್ನಲಿಲ್ಲ ನಾನು.

ಬರಬರುತ್ತಾ ಅವಳು ತಟ್ಟೆಯ ಮುಂದೆಯೇ ತೂಕಡಿಸತೊಡಗಿದಳು. ಉರಿಮೂತ್ರ, ಸೊಂಟನೋವು, ಚಳಿಜ್ವರ… ಮೆಡಿಕಲ್ ಶಾಪಿನ ಮಾತ್ರೆ ನುಂಗಿಕೊಂಡೇ ಕೆಲಸಕ್ಕೆ ಬರುತ್ತಿದ್ದಳು. ಕಾಲು ಊದಿ ಚಪ್ಪಲಿಯೇ ಹಿಡಿಸದಂತಾದಾಗ ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎರಡೂ ಕಿಡ್ನಿ ಕೆಟ್ಟಿವೆ ಎಂದರು ಡಾಕ್ಟರಮ್ಮ.

"ದಿನಾ ನೀರು ಸರಿಯಾಗಿ ಕುಡೀತಿದ್ರೇನಮ್ಮಾ?"

ಅಕ್ಕ ಒಮ್ಮೆ ನನ್ನ ಮುಖ ನೋಡಿದಳು. "ಹೂನ್ರಿ, ಭಾಳ ಕುಡೀತಿದ್ದೆ" ಎಂದಳು.

ಅಯ್ಯೋ, ನನ್ನನ್ನು ಉಳಿಸಲು ಹೇಳಿದ ಸುಳ್ಳು ಅದು. ವಠಾರಕ್ಕೇ ಬಾಯಿಬಡುಕಿ ನಾನು. ಆವತ್ತು ಮಾತ್ರ ತುಟಿ ಬಿಚ್ಚಲಿಲ್ಲ.

ಊರಲ್ಲಿದ್ದ ಅವಳ ಗಂಡ ಬಂದು ಕರೆದೊಯ್ದ. ಹೊರಡುವಾಗ ಗಿಡದ ಡಬ್ಬವನ್ನು ನನ್ನ ಬಾಗಿಲಿಗೆ ಸರಿಸಿ, "ನೀರು ಹಾಕವ್ವಾ, ಮರೀಬ್ಯಾಡ" ಎಂದಳು. ಮೂರು ತಿಂಗಳಿಗೆ ಸುದ್ದಿ ಬಂತು. ಮಣ್ಣಿಗೂ ಹೋಗಲಾಗಲಿಲ್ಲ, ರಜೆ ಸಿಗಲಿಲ್ಲ…

ನಾನು ಈಗಲೂ ಅದೇ ಲೈನಿನಲ್ಲಿದ್ದೇನೆ. ಬೈದರೆ ಬೈಯಲಿ ಎಂದು ನನ್ನ ಬಾಟಲಿ ಖಾಲಿ ಮಾಡಿಯೇ ಬರುತ್ತೇನೆ. ಇವತ್ತೂ ಸಂಜೆ ಬಂದು, ನಲ್ಲಿಯಲ್ಲಿ ಚೊಂಬು ತುಂಬಿಸಿ ಗಿಡಕ್ಕೆ ಹಾಕಿದೆ. ಅವಳ ಬಾಟಲಿ ಕಿತ್ತುಕೊಂಡು ಆ ದಿನವೇ ಹೇಳಬೇಕಿದ್ದ ಮಾತು, ದಿನಾ ಈ ಗಿಡದ ಮುಂದೆ ಬಾಯಿಗೆ ಬರುತ್ತದೆ.

"ಕುಡಿ ಅಕ್ಕಾ."